ಹದಿನಾಲ್ಕನೇ ನಂಬರಿನ ಕೂದಲು

ಅವಳಿಗೆ ಅಳು ಬರುತ್ತಿರಲಿಲ್ಲ. ಅಮ್ಮ ಸತ್ತ ದಿನವೂ ಬರಲಿಲ್ಲ. ದೊಡ್ಡಮ್ಮ ಎಲ್ಲರ ಎದುರಿಗೇ "ಇದು ಹೆಣ್ಣೋ ಕಲ್ಲೋ" ಅಂದುಬಿಟ್ಟಿದ್ದಳು.

ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿದ್ದೂ ಇದೇ ಕೊರತೆಯಿಂದ.

ಆ ಸ್ಟುಡಿಯೊದ ಫೋಟೊಗ್ರಾಫರನ ರೀತಿಯೇ ಬೇರೆ. ಎದುರಿಗೆ ಕೂತವರ ಮುಂದೆ ಒಂದು ಮೇಜು, ಮೇಜಿನ ಮೇಲೆ ತಂತಿ ಬುಟ್ಟಿ, ಬುಟ್ಟಿಗೆ ಕಪ್ಪು ಬಟ್ಟೆ. ಒಳಗೇನಿದೆಯೆಂದು ಕೂತವರಿಗೆ ಗೊತ್ತಿರುವುದಿಲ್ಲ. ದಾರ ಎಳೆದರೆ ಬುಟ್ಟಿ, ಬಟ್ಟೆ ಎರಡೂ ಮೇಲೇಳುತ್ತವೆ. ಆ ಕ್ಷಣದ ಮುಖವೇ ಅವನಿಗೆ ಬೇಕಾದದ್ದು.

ಕೆಲಸ ಕೇಳಲು ಬಂದ ದಿನ ಅವಳನ್ನೂ ಹಾಗೇ ಕೂರಿಸಿ ದಾರ ಎಳೆದಿದ್ದ. ರಬ್ಬರ್ ಹಾವು.

"ಬಾಲಕ್ಕೆ ಬಣ್ಣ ಸರಿ ಬಂದಿಲ್ಲ" ಅಂದಿದ್ದಳು ಅವಳು.

ಅವನು ಕ್ಯಾಮೆರಾ ಇಳಿಸಿ ಅವಳನ್ನೇ ನೋಡಿದ. ಆಮೇಲೆ ನಕ್ಕ. "ನಾಳೆಯಿಂದ ಬನ್ನಿ. ಕಪಾಟು ನಿಮ್ಮದು."

ವಿಗ್ಗು, ಕತ್ತಿ, ಒಡೆದ ಗೊಂಬೆ, ಗಾಜಿನ ಕಣ್ಣು... ಎಲ್ಲಕ್ಕೂ ನಂಬರು ಹಾಕಿ ಜೋಡಿಸಿದವಳು ಅವಳೇ. ಹೊಸ ವಸ್ತುವಿಗೆ ಮರಳುಕಾಗದ ತಿಕ್ಕಿ, ಚಹಾ ನೀರಲ್ಲಿ ನೆನೆಸಿ ಹಳೆಯದು ಮಾಡುವುದನ್ನು ಅವನಿಗೆ ಕಲಿಸಿದವಳೂ ಅವಳೇ. ಅವನು ಅವಳನ್ನು 'ಕಪಾಟು' ಅಂತಲೇ ಕರೆಯತೊಡಗಿದ. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ಅವನು ತನ್ನ ಅಣ್ಣನ ಮಾತೆತ್ತಿದ. ಬೈಕ್ ಓಡಿಸಿದ್ದು ಇವನು, ಕಣ್ಣು ಹೋದದ್ದು ಅಣ್ಣನದು. ಅಣ್ಣ ಮಾತು ಬಿಟ್ಟು ಆರು ವರ್ಷ. ಅಪಘಾತದ ದಿನ ಅಣ್ಣ ಹಾಕಿಕೊಂಡಿದ್ದ, ಒಂದು ಗಾಜು ಸೀಳಿದ ಕನ್ನಡಕ ಇನ್ನೂ ಇವನ ಡ್ರಾಯರಿನಲ್ಲಿತ್ತು.

ಅವಳೂ ಹೇಳಿದಳು. ಕಾಯಿಲೆಯಲ್ಲಿ ಅಮ್ಮನ ಕೂದಲು ಉದುರುತ್ತಿತ್ತು. ಅದನ್ನು ಅಮ್ಮ ನೋಡಬಾರದೆಂದು ಇವಳು ಅಮ್ಮನ ಹಸಿರು ಬಾಚಣಿಗೆಯನ್ನು ಬಚ್ಚಿಟ್ಟಿದ್ದಳು. ಕೊನೆಯ ದಿನ ಅಮ್ಮ ಕೇಳಿದ್ದು ಅದನ್ನೇ. ಇವಳು "ಕಳೆದುಹೋಯ್ತಮ್ಮ" ಅಂದಳು. ಅಮ್ಮ ಕೆದರಿದ ತಲೆಯಲ್ಲೇ ಹೋದಳು.

"ಎರಡು ಹಲ್ಲು ಮುರಿದಿದೆ. ಅವಳ ಕೂದಲು ಇನ್ನೂ ಅದರಲ್ಲೇ ಇದೆ."

ಅವನು ಅವಳ ಕೈ ಹಿಡಿದುಕೊಂಡು ಕೂತಿದ್ದ. 'ಇವನ ಹತ್ತಿರ ಹೇಳಬಹುದು' ಅನಿಸಿತ್ತು ಅವಳಿಗೆ.

ಅವನು ಇಡಲಿದ್ದ ಪ್ರದರ್ಶನಕ್ಕೆ ಹನ್ನೆರಡು ಫೋಟೊ ಬೇಕಿತ್ತು. ಹನ್ನೊಂದಾಗಿದ್ದವು.

"ನೀನು ಕೂತ್ಕೊ ಕಪಾಟು" ಅಂದ.

"ನನ್ನ ಮುಖದಲ್ಲೇನಿದೆ? ಕಪಾಟಿನಲ್ಲಿರೋದೆಲ್ಲ ನನಗೆ ಗೊತ್ತು."

"ಇದು ಕಪಾಟಿಂದಲ್ಲ. ಫೋಟೊ ಆದ್ಮೇಲೆ ನಿನಗೊಂದು ಮಾತೂ ಹೇಳ್ಬೇಕು."

ಸ್ಟುಡಿಯೊದಲ್ಲಿ ಮೇಕಪ್ ಮಾಡುವ ಅಕ್ಕ ಅವಳ ಹಣೆ ಒರೆಸುತ್ತ ಕಿವಿಯಲ್ಲಿ ಉಸುರಿದಳು: "ಉಂಗುರಾನೇ ಇರುತ್ತೆ. ಉಗುರಾದ್ರೂ ನೀಟಾಗಿ ಕತ್ತರಿಸ್ಕೊಂಡು ಬರೋದಲ್ವೇನೇ?"

ಅವಳು ಕೂತಳು. ಉಂಗುರವೇ ಆದರೆ ಏನು ಹೇಳಲಿ... ಅಂದುಕೊಳ್ಳುತ್ತಿದ್ದಳು. ದಾರ ಎಳೆದ.

ಹಸಿರು ಬಾಚಣಿಗೆ. ಎರಡು ಹಲ್ಲು ಮುರಿದದ್ದು. ಹಲ್ಲುಗಳ ನಡುವೆ ನರೆತ ಕೂದಲು.

ಅಮ್ಮ ಸತ್ತಾಗಿನಿಂದ ಬಾರದಿದ್ದ ಮೂರು ವರ್ಷದ ಅಳು ಒಮ್ಮೆಗೇ ಬಂತು. ಅವಳು ಅವನತ್ತ ಕೈ ಚಾಚಿದಳು.

"ಅಲ್ಲಾಡ್ಬೇಡ" ಅಂದ ಅವನು. "ಹಾಗೇ ಇರು."

ಕ್ಲಿಕ್. ಕ್ಲಿಕ್. ಕ್ಲಿಕ್.

ಅವಳ ಕೈ ತಾನಾಗಿ ಕೆಳಗಿಳಿಯಿತು. ಕಣ್ಣೊರೆಸಿಕೊಂಡು ಬಾಚಣಿಗೆಯಿಂದ ಒಂದು ಕೂದಲೆಳೆದು ಬೆರಳಲ್ಲಿ ಉಜ್ಜಿದಳು.

"ಹದಿನಾಲ್ಕನೇ ನಂಬರಿನ ವಿಗ್ಗು."

"ನಕಲು ಕಣೇ. ನಿಮ್ಮಮ್ಮನದನ್ನ ನಾನು ಮುಟ್ಟೇ ಇಲ್ಲ, ಆಣೆ..."

"ಚಹಾ ನೀರಲ್ಲಿ ಎಷ್ಟು ಹೊತ್ತು ನೆನೆಸಿದೆ?"

"ಒಂದು ದಿನ."

"ಚೆನ್ನಾಗಿ ಕಲ್ತಿದ್ದೀಯ."

ಕಪಾಟಿನ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟಳು. ಅವನು ಹೇಳಬೇಕೆಂದಿದ್ದ ಮಾತು ಅವನ ಬಾಯಲ್ಲೇ ಉಳಿಯಿತು.

ಆ ಫೋಟೊವನ್ನು ಅವನು ಪ್ರದರ್ಶನದ ಗೋಡೆಗೆ ಹಾಕಲಾರ ಅಂದುಕೊಂಡಿದ್ದಳು. ಹಾಕಿದ. ಬಾಗಿಲಿಗೆ ಎದುರಾಗಿ, ಎಲ್ಲಕ್ಕಿಂತ ದೊಡ್ಡದಾಗಿ.

ಪ್ರದರ್ಶನದ ಮೊದಲ ದಿನ ಅವಳು ಹೋಗಿ ನಿಂತಳು. ಪಕ್ಕದಲ್ಲಿ ಇಬ್ಬರು ಹೆಂಗಸರು.

"ನಟಿ ಇರ್ಬೇಕು."

"ಗ್ಲಿಸರಿನ್ ಹಾಕಿರ್ತಾರೆ ಬಿಡ್ರಿ. ನಿಜವಾದ ಅಳು ಇಷ್ಟು ಚೆಂದ ಇರುತ್ತಾ?"

ಅವಳಿಗೆ ಅಳು ಬರಲಿಲ್ಲ. ಮತ್ತೆ ಕಲ್ಲಾಗಿದ್ದಳು. ಕಂಬದ ಪಕ್ಕದಿಂದ ಅವನು ಆ ಒಣ ಮುಖವನ್ನು ನೋಡುತ್ತಿದ್ದ. ಈ ಸಲ ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಮರುದಿನ ಮೇಕಪ್ ಅಕ್ಕ ಫೋನ್ ಮಾಡಿದಳು. "ನಿನ್ನ ಫೋಟೊ ಇಳಿಸಿಬಿಟ್ಟ. ಅವತ್ತು ತೆಗೆದ ಮೂರನ್ನೂ ಅಳಿಸಿದ್ದಾನೆ. ಗ್ಯಾಲರಿಯವರು ಬೈದಿದ್ದಕ್ಕೆ ಪ್ರದರ್ಶನಾನೇ ಮುಚ್ಚಿಸ್ದ. ಊಟಾನೂ ಸರಿಯಾಗಿ ಮಾಡ್ತಿಲ್ಲ ಕಣೇ."

"ಮಾಡ್ದೆ ಇರ್ಲಿ" ಅಂದಳು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸ್ಟುಡಿಯೊಗೆ ಬಂದಳು. ಅವನು ಎದ್ದು ನಿಂತ.

"ಕೂತ್ಕೊ" ಅಂದಳು. "ಆ ಕಡೆ."

ಅವನು ಸ್ಟೂಲಿನ ಮೇಲೆ ಕೂತ. ಅವಳು ಅವನಿಗೆ ಕಾಣದಂತೆ ಅಡ್ಡ ನಿಂತು ಬುಟ್ಟಿ ಮುಚ್ಚಿ, ಬಟ್ಟೆ ಹೊದಿಸಿ, ಕ್ಯಾಮೆರಾ ಹಿಂದೆ ನಿಂತಳು.

ಅವನ ಮುಖ ಬಿಳಿಚಿಕೊಂಡಿತು. "ಅಣ್ಣನ ಕನ್ನಡಕಾನಾ?"

ಲೆನ್ಸಿನಲ್ಲಿ ಅವನ ತುಟಿ ಅದುರುವುದು ಕಾಣುತ್ತಿತ್ತು. ಅವನು ಇಷ್ಟು ವರ್ಷ ಹುಡುಕುತ್ತಿದ್ದ ಮುಖ ಅವನದೇ ಕತ್ತಿನ ಮೇಲಿತ್ತು. ಒಂದು ಬೆರಳು ಒತ್ತಿದರೆ ಸಾಕು... ಕ್ಯಾಮೆರಾದಿಂದ ಕೈ ತೆಗೆದಳು.

"ಫೋಟೊ ತೆಗಿ" ಅಂದ ಅವನು. "ನನಗೆ ಆಗ್ಬೇಕಾದ್ದೇ."

ಅವಳು ದಾರ ಎಳೆದಳು. ಮೇಜು ಖಾಲಿ.

"ಏನೂ ಇಲ್ಲ..."

"ಕನ್ನಡಕದ ನಕಲು ಮಾಡ್ಕೊಂಡು ಬಂದಿದ್ದೆ. ಬಿರುಕೂ ಸರಿಯಾಗಿ ಬಂದಿತ್ತು. ಬಾಗಿಲ ಹತ್ರ ಬಂದು ಚೀಲದಲ್ಲೇ ಇಟ್ಕೊಂಡೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ: "ನೀನು ಕೈ ಚಾಚಿದ್ದು ನನಗೆ ಕಂಡಿತ್ತು. ಕಾಣಲಿಲ್ಲ ಅಂತ ಸುಳ್ಳು ಹೇಳಲ್ಲ. ಫೋಟೊ ಮೊದಲು, ಆಮೇಲೆ ನಿನ್ನನ್ನ ಇಷ್ಟಪಡ್ತೀನಿ ಅಂತ ಹೇಳೋಣ ಅಂದ್ಕೊಂಡೆ. ಅಂಥ ಮನುಷ್ಯ ನಾನು."

"ಗೊತ್ತು."

"ಆದ್ರೂ ಬಂದ್ಯಲ್ಲ."

"ಬರ್ಬಾರ್ದು ಅಂತ ದಿನಾ ಅಂದ್ಕೊಂಡೆ. ನಿನ್ನೆ ಅಮ್ಮನ ಬಾಚಣಿಗೆ ತೆಗೆದು ನೋಡ್ದೆ. ನಿಜವಾದದ್ದು. ಅಮ್ಮ ನೆನಪಾಗ್ಲಿಲ್ಲ, ಆ ವಿಗ್ಗೇ ನೆನಪಾಯ್ತು. ಇದನ್ನ ಯಾರಿಗೆ ಹೇಳ್ಲಿ? ಹೇಳೋಕೆ ನನಗಿರೋನು ನೀನೊಬ್ಬನೇ."

ಅವನು ಎದ್ದು ಬಂದು ಅವಳ ಎದುರು ನಿಂತ. ಮುಟ್ಟಲಿಲ್ಲ.

"ಕೈ ಹಿಡ್ಕೊಳ್ಲಾ?"

"ಈಗ ಕೇಳೋದು ಕಲ್ತೆ ನೋಡು" ಅಂದು ಅವಳೇ ಕೈ ಚಾಚಿದಳು.

ಹೋದದ್ದು ಇಷ್ಟು: ಮೂರು ಫೋಟೊ, ಎರಡು ತಿಂಗಳು, ಅಮ್ಮನನ್ನು ನೆನಪಿಸುತ್ತಿದ್ದ ಒಂದು ಹಸಿರು ಬಾಚಣಿಗೆ.