ಹಸಿರು ಕಾರಿನ ಸುಳ್ಳು

ಜಗಳಕ್ಕೆ ಬಂದವನೆಂದೇ ತಿಳಿದೆ. ತಪ್ಪು ನನ್ನದಲ್ಲ. ಸೊರಬದ ನಮ್ಮ ಸ್ಟುಡಿಯೋದ ಬಾಗಿಲು ತೆಗೆಯುತ್ತಿದ್ದ ಹಾಗೇ, ಕಟ್ಟು ಹಾಕಿಸಿದ ಮೂರು ಮದುವೆ ಫೋಟೋಗಳನ್ನು ಜಮಖಾನದಲ್ಲಿ ಸುತ್ತಿಕೊಂಡು ಮೊದಲ ಬಸ್ಸಿಗೆ ಇಳಿದು ಬಂದು, "ಇವಕ್ಕ ಬಣ್ಣ ತುಂಬಿದೋರು ಯಾರ್ರೀ?" ಎಂದು ಒಬ್ಬ ಕೇಳಿದರೆ ಇನ್ನೇನೆಂದುಕೊಳ್ಳಬೇಕು?

"ನಾನೇ. ಏನೀಗ?" ಎಂದೆ. "ಬಿಸಿಲು ಬೀಳೋ ಗೋಡೆಗೆ ಹಾಕ್ಕೊಂಡು, ಬಣ್ಣ ಮಾಸಿದ ಮೇಲೆ ತಂದು ನಮ್ಮ ಮುಖಕ್ಕೆ ಹಿಡಿಯೋರಲ್ಲಿ ನೀವು ಮೊದಲ್ನೇರೇನಲ್ಲ ಬಿಡಿ."

"ಅಯ್ಯಯ್ಯೋ, ಮಾಸಿಲ್ರೀ! ಚಲೋ ಅದಾವು. ಅದಕ್ಕೇ ಬಂದೀನಿ." ಅವನು ಬೆಂಚಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟ. ಕೈಬೆರಳುಗಳ ಗೆಣ್ಣಿನಲ್ಲೆಲ್ಲ ಗ್ರೀಸಿನ ಕಪ್ಪು. ಫೋಟೋಕ್ಕೆ ತಾಗಬಾರದೆಂದು ಅಂಗೈಯಿಂದ ತಳ್ಳುತ್ತಿದ್ದ. "ಮದುಮಕ್ಕಳನ್ನ ಬಿಡ್ರಿ, ಅವರು ಕುಂತಿರೋ ಕಾರು ನೋಡ್ರಿ. ಮೂರರಾಗೂ ಒಂದೇ ಕಾರು, ಒಂದೇ ನಂಬರು. ಗುಡವಿ ಮದುವ್ಯಾಗ ಹಸಿರು, ತೊಗರ್ಸಿ ಮದುವ್ಯಾಗ ಕೆಂಪು, ನಮ್ಮೂರಾಗ ಬೂದಿ ಬಣ್ಣ. ಯಾವುದ್ರಿ ಖರೇ?"

ಹೆಸರು ಹುಚ್ಚರಾಯಪ್ಪ, ಶಿಕಾರಿಪುರದ ಮೆಕ್ಯಾನಿಕ್ಕು. ಅಲ್ಲಿಯ ಶಿವಮೂರ್ತಪ್ಪ ಸಾಹುಕಾರರ ಹತ್ತಿರ ಇಪ್ಪತ್ತಾರನೇ ಇಸವಿಯ ಷೆವರ್ಲೆ ಕಾರೊಂದಿತ್ತು. ಒಂದು ಕಾಲದಲ್ಲಿ ಎರಡು ತಾಲ್ಲೂಕಿನ ಮದುವೆಗಳಿಗೆಲ್ಲ ಅದೇ ಕಾರು. ಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ಹಿಂದಕ್ಕೆ ಇದ್ದಿಲು ಗ್ಯಾಸಿನ ಡ್ರಮ್ಮು ಬಿಗಿದರು. ಹಳೇ ಬಣ್ಣ ಸುಟ್ಟು ಕೆರೆದು ಕಪ್ಪು ಬಳಿದರು. ಆಮೇಲೆ ಕೆಟ್ಟು ಭತ್ತದ ಗೋದಾಮು ಸೇರಿ ಹನ್ನೆರಡು ವರ್ಷವಾಗಿತ್ತು. ಈಗ ಬೆಂಗಳೂರಿನಲ್ಲಿ ಹಳೇ ಕಾರುಗಳ ಪ್ರದರ್ಶನವಂತೆ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕಂತೆ, ಹಾರ್ನಿನಿಂದ ಹಿಡಿದು ಬಣ್ಣದವರೆಗೆ. ನೋಡಿ ಒಪ್ಪಲು ಪರೀಕ್ಷಕರು ಬರುತ್ತಾರಂತೆ. ಹಳೇ ಬಣ್ಣ ಯಾವುದೆಂದು ಸಾಹುಕಾರರಿಗೂ ಈಗ ನೆನಪಿಲ್ಲವಂತೆ.

"ಒಪ್ಪಿದ್ರೆ ಗೋದಾಮಿನ ಮುಂದಿನ ಶೆಡ್ಡು ನಿಂದೇ, ವರ್ಕ್‌ಶಾಪ್ ಮಾಡ್ಕೋ ಅಂದಾರ ಸಾಹುಕಾರ್ರು. ಒಪ್ಪಲಿಲ್ಲ ಅಂದ್ರೆ ಕಾರು ದಾವಣಗೆರೆ ಗುಜರಿಗೆ, ನಾನು ಮತ್ತೆ ಕಂಡೋರ ಬಸ್ಸಿನ ಕೆಳಗೆ ರಿಪೇರಿಗೆ," ಎಂದು ನಕ್ಕ. ನಗು ತುಟಿಯಲ್ಲಿತ್ತು, ಕಣ್ಣಿನಲ್ಲಿರಲಿಲ್ಲ.

ನಿಜ ಹೇಳಬೇಕೆಂದರೆ ಮೂರು ಬಣ್ಣವೂ ಸುಳ್ಳು. ಆ ಕಾರನ್ನು ನಾನು ಕಣ್ಣಿನಿಂದ ನೋಡಿರಲೇ ಇಲ್ಲ, ನೋಡಿದ್ದ ಅಪ್ಪನಿಗೆ ಬಣ್ಣ ನೆನಪಿರಲಿಲ್ಲ. ಅಪ್ಪ ತೆಗೆದಿಟ್ಟ ಹಳೇ ಗಾಜಿನ ಪ್ಲೇಟುಗಳಿಂದ ದೊಡ್ಡ ಫೋಟೋ ಮಾಡಿ, ಕಡ್ಡಿಗೆ ಹತ್ತಿ ಸುತ್ತಿ ಬಣ್ಣ ತುಂಬುವುದು ನನ್ನ ಕೆಲಸ. ಹೆಣ್ಣಿನ ಸೀರೆಗೆ ಒಪ್ಪುವ ಹಾಗೆ ಕಾರಿಗೆ ಏನೋ ಒಂದು ಬಳಿಯುತ್ತಿದ್ದೆ. ಆದರೆ ಹೊರಗೆ ಬೋರ್ಡಿನಲ್ಲಿ "ಇದ್ದ ಬಣ್ಣ ಇದ್ದಂತೆಯೇ ತುಂಬಿ ಕೊಡಲಾಗುವುದು" ಎಂದು ಅಪ್ಪ ಬರೆಸಿದ್ದ. ಒಳಗೆ ಅಪ್ಪ ಕೆಮ್ಮುತ್ತ ಕೂತಿದ್ದ. ಇವನು ನೋಡಿದರೆ ಗುಡವಿಯ ಫೋಟೋ ಎತ್ತಿ ಹಿಡಿದು, "ಈ ಹಸಿರು ತುಂಬಿದ ಕೈಗೆ ಕಣ್ಣೂ ಐತಿ ನೋಡ್ರಿ," ಎಂದುಬಿಟ್ಟ.

"ಹಸಿರೇ," ಎಂದೆ. "ಹಸಿರೇ ನಿಜ."

ಅವನ ಮುಖ ಅರಳಿದ್ದು ನೋಡಿ ನಾನು ತಲೆ ಬಗ್ಗಿಸಿ ಜಮಖಾನ ಮಡಚತೊಡಗಿದೆ. ಅದು ಸುಳ್ಳಿನ ಅಂಜಿಕೆಗೋ, ಆ ಮುಖಕ್ಕೋ ಎಂದು ಆಗ ಗೊತ್ತಾಗಲಿಲ್ಲ.

ಆಮೇಲೆ ಮಂಗಳವಾರ ಮಂಗಳವಾರ ಬರತೊಡಗಿದ. ಬಣ್ಣವೊಂದು ಸಿಕ್ಕಿತು, ಉಳಿದದ್ದು ಆಗಬೇಕಲ್ಲ? ಹಾರ್ನು ಎಡಕ್ಕಿತ್ತೋ ಬಲಕ್ಕೋ? ದೀಪದ ಗಾಜಿಗೆ ಗೆರೆ ಇತ್ತೋ ಇಲ್ಲವೋ? ಸ್ಟೆಪ್ನಿ ಕಟ್ಟುತ್ತಿದ್ದದ್ದು ಹಿಂದೋ ಪಕ್ಕಕ್ಕೋ? ಅಪ್ಪನ ಅಲಮಾರಿನಿಂದ ಪ್ಲೇಟು ತೆಗೆದು ಕಿಟಕಿಗೆ ಹಿಡಿಯುವುದು, ಭೂತಗನ್ನಡಿ ಇಟ್ಟು ಇಬ್ಬರೂ ಬಗ್ಗುವುದು. ಪ್ಲೇಟಿನಲ್ಲಿ ಬಿಳುಪೆಲ್ಲ ಕಪ್ಪು, ಕಪ್ಪೆಲ್ಲ ಬಿಳುಪು. ಹಾಗೆ ತಿರುಗುಮುರುಗಾದ ಚಿತ್ರ ಓದಲು ಅವನಿಗೆ ಬರುತ್ತಿರಲಿಲ್ಲ, ನಾನೇ ಓದಿ ಹೇಳಬೇಕು.

ಮೊದಲ ದಿನವೇ ಹೆಸರು ಕೇಳಿದ. "ಅಕ್ಕನಾಗಮ್ಮ," ಎಂದೆ. ಅವನ ಮುಖ ಸಪ್ಪಗಾಯಿತು.

"ಬರೇ ನಾಗಮ್ಮ ಅನ್ಲೇನ್ರಿ?"

"ಯಾಕೆ, ಅಕ್ಕ ಅಂದ್ರೆ ನಾಲಿಗೆ ಸವೆಯುತ್ತಾ?"

"ನಾಲಿಗಿಗೇನಿಲ್ರಿ. ಮುಂದೆ ತ್ರಾಸ ಆಗ್ತೈತಿ."

ಮುಂದೆ ಎಂದರೆ ಯಾವಾಗ ಎಂದು ನಾನು ಕೇಳಲಿಲ್ಲ. ಪ್ಲೇಟು ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಮೂರನೇ ವಾರ ಬಾನೆಟ್ಟಿನ ಪಕ್ಕದ ಗಾಳಿಕಿಂಡಿ ಎಣಿಸುವ ಕೆಲಸ. ಕೂದಲೆಳೆಯಷ್ಟು ಗೆರೆಗಳು. "ಹದಿನಾರು," ಎಂದೆ. "ಇನ್ನೊಮ್ಮೆ ಎಣಿಸ್ರಿ," ಎಂದ. ಎಣಿಸಿದೆ. "ಎಷ್ಟು?" "ಹದಿನಾರೇ ಮಾರಾಯ್ರೆ!" "ಮತ್ತೊಮ್ಮೆ..." ತಲೆ ಎತ್ತಿದರೆ ಅವನು ಪ್ಲೇಟು ನೋಡುತ್ತಲೇ ಇರಲಿಲ್ಲ. ಕಿಟಕಿಯ ಬೆಳಕು ಬಿದ್ದಿದ್ದ ನನ್ನ ಕೆನ್ನೆಯನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಪುಸ್ತಕ ತೆಗೆದು "ಹದಿನಾರು" ಎಂದು ಬರೆದುಕೊಂಡ. ಪುಸ್ತಕ ತಲೆಕೆಳಗಾಗಿತ್ತು.

ಅವ್ವ ಹಾಲಮ್ಮ ಬಾಗಿಲ ಸಂದಿಯಿಂದ ಎಲ್ಲ ಕಂಡವಳು. ಅವನು ಹೋದ ಮೇಲೆ ಕೇಳಿದಳು. "ಆ ಹುಡುಗ ಗಾಜು ನೋಡೋಕೆ ಬರ್ತಾನಾ, ಗಾಜು ಹಿಡ್ಕೊಂಡೋಳನ್ನ ನೋಡೋಕಾ?"

"ಎಂತದವ್ವಾ ನಿಂದು!" ಎಂದು ರೇಗಿದೆ. ರೇಗಿದ ಮೇಲೆ ಒಬ್ಬಳೇ ಕತ್ತಲೆ ಕೋಣೆಗೆ ಹೋಗಿ ನಕ್ಕೆ.

ಇಷ್ಟವಾಗಿದ್ದ. ಮುಚ್ಚಿಡುವುದೇನು? ಮಂಗಳವಾರವೆಂದರೆ ಬೆಳಗಿನಿಂದ ಕಿವಿಯೆಲ್ಲ ರಸ್ತೆಯ ಕಡೆ. ಬಸ್ಸಿನ ಹಾರ್ನು ಕೇಳಿದರೆ ಜಡೆ ನೋಡಿಕೊಳ್ಳುತ್ತಿದ್ದೆ. ಆದರೆ ಇಷ್ಟ ಬೆಳೆದ ಹಾಗೆಲ್ಲ ಆ ಹಸಿರು ಗಂಟಲಲ್ಲಿ ಮೀನಿನ ಮುಳ್ಳಾಯಿತು. ಇವತ್ತು ಹೇಳೋಣ, ಮುಂದಿನ ವಾರ ಹೇಳೋಣ ಎನ್ನುತ್ತ ಐದು ವಾರ ಕಳೆದವು.

ಆರನೇ ಮಂಗಳವಾರ ಕುಣಿಯುತ್ತಲೇ ಬಂದ. ಹೆಬ್ಬೆರಳ ಉಗುರಿನ ಮೇಲೆ ಹಸಿರು.

"ಬೊಂಬಾಯಿಂದ ಬಣ್ಣ ಬಂತ್ರಿ! ನೋಡ್ರಿ, ನಿಮ್ಮ ಹಸಿರೇ. ಐತವಾರ ಬಳಿಯೋಕೆ ಶುರು. ಅದರ ಮುಂದಿನ ಐತವಾರ ಪರೀಕ್ಷಕರು ಬರ್ತಾರ." ಆಮೇಲೆ ದನಿ ಇಳಿಸಿದ. "ಪಾಸಾದ್ರೆ ನಿಮ್ಮ ಅಪ್ಪಾರ ಹತ್ರ ಒಂದು ಮಾತು ಆಡೋದೈತಿ. ಸ್ವಂತ ಶೆಡ್ಡು ಇಲ್ದೆ ಯಾವ ಮುಖ ಇಟ್ಕೊಂಡು ಆಡ್ಲಿ?"

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಚೆನ್ನಾಗಿದೆ," ಎಂದೆ. ನನ್ನ ನಾಲಿಗೆಗಿಷ್ಟು!

ಐತವಾರ ಬೆಳಗ್ಗೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ಗುಡವಿಯ ಮದುವೆಯ ಬಣ್ಣ ತುಂಬದ ಪ್ರಿಂಟು ಮುಂದಿಟ್ಟುಕೊಂಡು ಕೂತೆ. ಮದುಮಗಳು ಬಸಕ್ಕನ ಸೀರೆ ಅಪ್ಪಟ ಕೆಂಪು, ಅವಳೇ ಎಷ್ಟೋ ಸಲ ಹೇಳಿದ್ದಾಳೆ. ಫೋಟೋದಲ್ಲಿ ಅದು ಇದ್ದಿಲಿನಂತೆ ಕಪ್ಪಾಗಿತ್ತು. ಅದರಲ್ಲೇನೂ ಹೊಸದಿಲ್ಲ. ಹಳೇ ಕಾಲದ ಪ್ಲೇಟಿಗೆ ಕೆಂಪು ಕಾಣುತ್ತಿರಲಿಲ್ಲ, ಕಪ್ಪಾಗಿಯೇ ಬೀಳುತ್ತಿತ್ತು. ನೀಲಿ ಮಾತ್ರ ಎಷ್ಟು ಗಾಢವಿದ್ದರೂ ತಿಳಿಯಾಗಿ ಬೀಳುತ್ತಿತ್ತು. ಹಾಗೆಂದೇ ಫೋಟೋದಲ್ಲಿ ಆಕಾಶ ಯಾವಾಗಲೂ ಬಿಳುಪು. ಬಸಕ್ಕನ ಹಿಂದಿನ ಮಾವಿನೆಲೆಯ ಹಸಿರೂ ಕಪ್ಪಗೇ ಇತ್ತು. ಮತ್ತೆ ಕಾರು?

ಕಾರು ತಿಳಿಯಾಗಿತ್ತು. ಯಾವ ಬಣ್ಣವೆಂಬುದು ಮರೆತಿದ್ದರೂ ಇದೇ ಕಾರನ್ನು "ಗಾಢ ಬಣ್ಣದ್ದು, ಮೋರೆ ಕಾಣೋ ಹಂಗೆ ಹೊಳೀತಿತ್ತು," ಎಂದು ಬಸಕ್ಕ ಹೇಳುತ್ತಿದ್ದಳು.

"ಅಪ್ಪಾ!" ಕಿರುಚಿಯೇಬಿಟ್ಟೆ. "ಕಾರು ನೀಲಿ!"

ಸೀರೆಗೆ ಉಪಯೋಗಿಸುವ ಬುದ್ಧಿಯನ್ನು ನಾನು ಒಂದು ದಿನವೂ ಕಾರಿಗೆ ಉಪಯೋಗಿಸಿರಲಿಲ್ಲ. ಅಪ್ಪನ ಕಣ್ಣಿಗೆ ಪೊರೆ, ಪ್ರಿಂಟು ಕಾಣುವುದಿಲ್ಲ. ಆದರೆ ಎಲ್ಲ ಕೇಳಿದ. ಆರು ವಾರದ ಸುಳ್ಳನ್ನೂ ಕೇಳಿದ. ಅಳು ಬಂತು ನನಗೆ. ಬೋರ್ಡಿನ ಮರ್ಯಾದೆ ಹೋಗುತ್ತದಪ್ಪ ಎಂದೆ.

"ಬೋರ್ಡು ಇಳಿಸಿದ್ರಾಯ್ತು," ಎಂದು ಅಪ್ಪ ಚಪ್ಪಲಿ ಹುಡುಕತೊಡಗಿದ. "ಬಸ್ಸು ಎಷ್ಟೊತ್ತಿಗೆ ನೋಡು. ಹೊರಡು ಹೊರಡು."

ಶಿರಾಳಕೊಪ್ಪದಲ್ಲಿ ಬಸ್ಸು ನಿಂತದ್ದು ಕಾಲು ಗಂಟೆಯಾದರೂ ಕಾಲು ದಿನವೆನಿಸಿತು. ಶಿಕಾರಿಪುರದಲ್ಲಿ ಇಳಿದವಳು ಅಪ್ಪನ ಕೈಹಿಡಿದು ಹೆಚ್ಚುಕಡಿಮೆ ಓಡಿಸಿಕೊಂಡೇ ಗೋದಾಮು ಮುಟ್ಟಿದೆ. ಶೆಡ್ಡಿನ ಮುಂದಿನ ಬಿಸಿಲಿನಲ್ಲಿ ಕಾರು ನಿಂತಿತ್ತು. ಒಂದು ಬಾಗಿಲು ಆಗಲೇ ಹಸಿರು. ಹುಚ್ಚರಾಯಪ್ಪ ಎರಡನೆಯದಕ್ಕೆ ಬ್ರಷ್ಷು ಅದ್ದುತ್ತಿದ್ದ.

"ನಿಲ್ಸ್ರೀ!"

ತಿರುಗಿದ. ನನ್ನನ್ನು ಕಂಡು ಮುಖ ಬೆಳಗಿತು. ಆ ಬೆಳಕು ಆರಿಹೋಗುವ ಮೊದಲೇ ಹೇಳಬೇಕೆಂದು ಉಸಿರು ಬಿಡದೆ ಹೇಳಿದೆ. "ಹಸಿರು ಸುಳ್ಳು. ಮೂರೂ ಸುಳ್ಳು. ಸೀರೆಗೆ ಒಪ್ಲಿ ಅಂತ ಮನಸ್ಸಿಗೆ ಬಂದದ್ದು ಬಳಿದಿದ್ದೆ. ನೀವು ಹೊಗಳಿದ್ರಿ, ಹೇಳೋಕೆ ಬಾಯಿ ಬರಲಿಲ್ಲ. ಬೈರಿ, ಏನ್ ಬೇಕಾದ್ರೂ ಬೈರಿ."

ಅವನು ಬ್ರಷ್ಷನ್ನು ಡಬ್ಬಿಯ ಮೇಲಿಟ್ಟ. "ಅವತ್ತೇ ಕೇಳಿದ್ನಲ್ರೀ ನಾನು, ಯಾವುದು ಖರೇ ಅಂತ," ಎಂದ, ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿ.

ತಲೆ ತಗ್ಗಿಸಿ ನಿಂತೆ. ತಗ್ಗಿಸಿದ್ದಕ್ಕೇ ಕಂಡದ್ದು. ಕಾಲ ಹತ್ತಿರ, ಗೋಣಿಚೀಲದ ಮೇಲೆ, ಕಾರಿನ ಬಾನೆಟ್ಟು. ಹಳೆಯದೇ. ಪಕ್ಕದಲ್ಲಿ ಗಾಳಿಕಿಂಡಿಗಳು, ಬೆರಳು ತೂರಿಸುವಷ್ಟು ಅಗಲ. ಎಣಿಸಿದೆ. ಹದಿನಾರು.

"ಇದೆಂತದಿದು?" ಎಂದೆ.

"ಬಾನೆಟ್ಟು."

"ಅದು ಕಾಣುತ್ತೆ! ಇದು ಇಲ್ಲೇ ಬಿದ್ದಿರೋವಾಗ, ಸೊರಬದ ತನಕ ಬಂದು ನನ್ನ ಕೈಲಿ ಮತ್ತೆ ಮತ್ತೆ ಎಣಿಕೆ ಮಾಡಿಸಿದ್ದು ಯಾಕೆ?"

ಅವನ ಕಿವಿ ಕೆಂಪಾಯಿತು. ಕತ್ತು ಕೆಂಪಾಯಿತು. "ಎಣಿಸೋವಾಗ," ಎಂದ, "ನಿಮ್ಮ ತುಟಿ ಸಣ್ಣಗೆ ಅಲ್ಲಾಡ್ತಾವ್ರಿ. ಹದಿನಾರರತನಕ."

ಅಪ್ಪ ಅಲ್ಲೇ ನಿಂತಿದ್ದ. ಜೋರಾಗಿ ಕೆಮ್ಮಿ, "ಕುಡಿಯೋಕೆ ನೀರು ಎಲ್ಲಿ ಸಿಗುತ್ತೋ," ಎನ್ನುತ್ತ ಗೋಡೆ ಹಿಡಿದುಕೊಂಡು ಆ ಕಡೆ ಹೋದ. ನಾನು ನಕ್ಕೆ. ಅವನೂ ನಕ್ಕ. ಇಬ್ಬರಿಗೂ ನಗು ನಿಲ್ಲಿಸಲಾಗಲಿಲ್ಲ.

"ಆತು, ನೀಲಿ ಅಂತೀರಿ. ಪರೀಕ್ಷಕರಿಗೆ ತೋರ್ಸೋಕೆ ಗುರುತು ಬೇಕಲ್ರಿ. ಎಲ್ಲಾ ಸುಟ್ಟು ಕೆರೆದಾರ," ಎಂದ ಕಣ್ಣೊರೆಸಿಕೊಂಡು.

"ಬೆಂಕಿನೂ ಬ್ರಷ್ಷೂ ಹೋಗದ ಜಾಗ ಇಲ್ವಾ? ಒಂದರ ಮೇಲೊಂದು ಕೂತಿರೋದು?"

ಅವನು ಥಟ್ಟನೆ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಬಾಗಿಲು ತಿರುಗುವ ಕೀಲಿಗೆ ಕೈ ಹಾಕಿದ. ತುಕ್ಕು ಹಿಡಿದ ಸ್ಕ್ರೂ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟ, ತಟ್ಟಿದ, ಭುಜ ಕೊಟ್ಟು ತಿರುಗಿಸಿದ. ನಾನು ಬಾಗಿಲ ಭಾರ ಹಿಡಿದುಕೊಂಡೆ. ಕೊನೆಗೂ ಕೀಲಿನ ತಗಡು ಕಿತ್ತು ಬಂತು.

ಅದರಡಿಯಲ್ಲಿ, ವೀಳ್ಯದೆಲೆಯ ತುದಿಯಷ್ಟು ಜಾಗದಲ್ಲಿ, ನೀಲಿ. ಗಾಢ ನೀಲಿ, ಮೂವತ್ತೆರಡು ವರ್ಷದ ಹಿಂದೆ ಬಳಿದದ್ದು, ಇವತ್ತು ಬೆಳಗ್ಗೆ ಬಳಿದಂತಿತ್ತು.

"ನಾಗಮ್ಮಾ!" ಎಂದು ಕೂಗಿದ. 'ರೀ' ಎಲ್ಲಿ ಹೋಯಿತೋ. ನಾನೂ ಕೂಗಿದೆ. ಬಾಗಿಲು ಕೈಜಾರಿ ನನ್ನ ಕಾಲಿನ ಮೇಲೆ ಬಿತ್ತು, ನೋವೇ ತಿಳಿಯಲಿಲ್ಲ.

ಆ ವಾರ ನಾನೂ ಅಪ್ಪನೂ ಅಲ್ಲೇ, ಸೋದರತ್ತೆ ತಿಮ್ಮಮ್ಮನ ಮನೆಯಲ್ಲಿ ಉಳಿದೆವು. ಹಗಲೆಲ್ಲ ಶೆಡ್ಡು. ಹಸಿರು ಕೆರೆದದ್ದು ಇಬ್ಬರೂ. ನೀಲಿ ಶಿವಮೊಗ್ಗದಲ್ಲೇ ಸಿಕ್ಕಿತು, ಆದರೆ ಕಣ್ಣು ಕುಕ್ಕುವಷ್ಟು ಗಿಲೀಟು. ಹನಿ ಹನಿ ಕಪ್ಪು ಬಿಟ್ಟು, ಕೀಲಿನಡಿಯ ಬಣ್ಣಕ್ಕೆ ಹಿಡಿದು ನೋಡಿ ಬೆರೆಸಿದವಳು ನಾನು. ಮದುವೆಯ ಮಾತನ್ನು ಮಾತ್ರ ಅವನು ಎತ್ತಲೇ ಇಲ್ಲ. "ಮೊದಲು ಶೆಡ್ಡು," ಎನ್ನುತ್ತಿದ್ದ. ಮೊಂಡ.

ಐತವಾರ ಪರೀಕ್ಷಕರು ಬಂದರು. ಕೋಟು, ಕನ್ನಡಕ, ನಾಲ್ಕು ಹಾಳೆಯ ಫಾರಂ. ಸಾಹುಕಾರ್ರು ಕುರ್ಚಿ ಹಾಕಿಸಿದರೂ ಕೂರಲಿಲ್ಲ. ಹಾರ್ನು ಒತ್ತಿದರು. ದೀಪದ ಗಾಜು ಸವರಿದರು. ಒಂದೊಂದಕ್ಕೂ "ಆಧಾರ?" ಎನ್ನುವರು, ಹುಚ್ಚರಾಯಪ್ಪ ಸೊರಬದಿಂದ ತಂದಿಟ್ಟಿದ್ದ ಪ್ಲೇಟು ಎತ್ತಿ ತೋರಿಸುವನು. ಬಣ್ಣಕ್ಕೆ ಬಂದಾಗ ಕೀಲು ಬಿಚ್ಚಿ ತೋರಿಸಿದ. ಕನ್ನಡಕ ತೆಗೆದು, ಹಾಕಿ, ಬಗ್ಗಿ, ಅವರು ಎಷ್ಟೋ ಹೊತ್ತು ನೋಡಿದರು.

"ಸರಿಯಾಗಿದೆ," ಎಂದರು. "ಒಪ್ಪಿದೆ."

ಸಾಹುಕಾರ್ರು ಶೆಡ್ಡಿನ ಬೀಗದ ಕೈಯನ್ನು ಅಲ್ಲೇ ಅವನ ಜೇಬಿಗೆ ಹಾಕಿದರು. ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಈ ಬಣ್ಣ ಕಂಡುಹಿಡಿದವರು ಯಾರು?" ಎಂದರು ಪರೀಕ್ಷಕರು. ಅವನು ನನ್ನ ಕಡೆ ಕೈ ತೋರಿಸಿದ. ನನ್ನ ಹೆಸರು ಕೇಳಿ ಬರೆದುಕೊಂಡರು. "ಸಾಕ್ಷಿ ಹೇಳುವವರು ಮೆಕ್ಯಾನಿಕ್‌ಗೆ ಸಂಬಂಧಿಕರಾಗಿದ್ದರೆ ನಮೂದಿಸಬೇಕು. ಇವರು ಯಾರ್ರೀ ನಿಮಗೆ?"

ಹುಚ್ಚರಾಯಪ್ಪ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಕಾರನ್ನು ನೋಡಿದ. "ಅದು... ಇವರು... ಸೊರಬದ... ಫೋಟೋ..." ಎಂದು ತೊದಲಿದ. ಜೇಬಿನಲ್ಲಿ ಬೀಗದ ಕೈ ಬಿದ್ದ ಮೇಲೂ!

ಇನ್ನು ಇವನನ್ನು ನಂಬಿ ಕೂತರೆ ಆಗದು ಎನಿಸಿತು.

"ಹೆಂಡತಿ ಅಂತ ಬರ್ಕೊಳ್ಳಿ," ಎಂದೆ. "ಮದುವೆ ಇನ್ನೂ ಆಗಿಲ್ಲ. ಆದ್ರೆ ಏನೂ ಅಲ್ಲ ಅಂದ್ರೆ ಸುಳ್ಳಾಗುತ್ತೆ, ಸುಳ್ಳು ಹೇಳಿ ನನಗೆ ಸಾಕಾಗಿದೆ."

ಸಾಹುಕಾರ್ರ ಬಾಯಲ್ಲಿದ್ದ ಎಲೆಯಡಿಕೆ ಗಂಟಲಿಗೆ ಹೋಯಿತು. ಪರೀಕ್ಷಕರು ಪೆನ್ನು ಹಾಗೇ ಹಿಡಿದುಕೊಂಡು ಹುಚ್ಚರಾಯಪ್ಪನನ್ನು ನೋಡಿದರು. "ಏನ್ರಿ, ನಿಜವೇ?"

"ಖರೇ ರೀ," ಎಂದ ಅವನು. ದನಿ ಶೆಡ್ಡಿನ ತಗಡಿಗೆ ಹೋಗಿ ಬಡಿಯಿತು. "ಖರೇ, ಖರೇ!"

ಪರೀಕ್ಷಕರು ಅಪ್ಪನ ಕಡೆ ತಿರುಗಿದರು. ಅಪ್ಪ ನಗುವುದನ್ನು ನಿಲ್ಲಿಸಿ, ಕಣ್ಣು ಒರೆಸಿಕೊಂಡು, "ಬರ್ಕೊಳ್ಳಿ ಸ್ವಾಮಿ, ಶಾಯಿ ಒಣಗುತ್ತೆ," ಎಂದ. ಅವರು ಬರೆದುಕೊಂಡರು.