ಬುದ್ಧಿಕಲ್ಲು ಒಡೆದ ಬಳೆಗಾರ್ತಿ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಸೈಕತಪುರವೆಂಬ ರಾಜ್ಯವಿತ್ತು. ಅಲ್ಲಿ ಉಗುರಿನಷ್ಟು ಪುಟ್ಟ ಬುದ್ಧಿಕಲ್ಲುಗಳೇ ಎಲ್ಲವನ್ನೂ ನಡೆಸುತ್ತಿದ್ದವು. ಕಲ್ಲಿಟ್ಟರೆ ರಾಟೆ ತಾನಾಗಿ ನೀರು ಸೇದುತ್ತಿತ್ತು, ದೋಣಿ ತಾನಾಗಿ ದಡ ಸೇರುತ್ತಿತ್ತು. ಕಲ್ಲುಗಳನ್ನು ಕೊಡುತ್ತಿದ್ದವನು ಕಡಲಾಚೆಯ ಮಾಂತ್ರಿಕ ಕರಾಳನಾಭ. “ಒಡೆದು ನೋಡಿದವರ ಕಣ್ಣು ಹೋಗುತ್ತದೆ” ಎಂದು ಹೆದರಿಸಿದ್ದ.

ಒಂದು ಬೆಳಿಗ್ಗೆ ಕಲ್ಲುಗಳೆಲ್ಲ ಒಮ್ಮೆಗೇ ಆರಿಹೋದವು. ರಾಟೆ ನಿಂತಿತು. ದೋಣಿಗಳು ನಡುನೀರಿನಲ್ಲಿ ಗಿರಗಿರ ಸುತ್ತಿದವು. ಜನ ಕಕ್ಕಾಬಿಕ್ಕಿಯಾದರು. ಮಾಂತ್ರಿಕನ ಗಿಡುಗ ಅರಮನೆಯ ಮೇಲೆ ಕೂತು ಕೂಗಿತು: “ರಾಣಿ ನನ್ನ ಒಡೆಯನ ದಾಸಿಯಾದರೆ ಕಲ್ಲು ಏಳುತ್ತವೆ!”

ರಾಣಿ ಪದ್ಮಲಾದೇವಿ ಸಭೆ ಕರೆದಳು. ಎದ್ದು ನಿಂತು, “ನಮ್ಮ ಕಲ್ಲು ನಾವೇ ಮಾಡೋಣ” ಎಂದಳು.

ಸಭೆ ದಂಗಾಯಿತು. ಬಳೆ ಮಾಡುವ ಸಂಕವ್ವ ಮಾತ್ರ ಮುಂದೆ ಬಂದಳು. “ತಾಯಿ, ಮರಳು ಕರಗಿಸೋದು ನನಗೆ ಗೊತ್ತು. ಮಿಕ್ಕಿದ್ದು ಕಲೀಬೇಕು.”

ರಾಣಿ ಡಂಗುರ ಹೊಡೆಸಿದಳು: ಊರೂರಿಗೂ ಕುಲುಮೆ, ಊರೂರಿಗೂ ಕೆತ್ತನೆಯ ಶಾಲೆ. ಹನ್ನೆರಡು ವರ್ಷದೊಳಗೆ ನಮ್ಮ ಕಲ್ಲು ಬೆಳಗಬೇಕು, ಅಲ್ಲಿಯವರೆಗೆ ಕೆಲಸ ನಿಲ್ಲಿಸಕೂಡದು. ಸೋತವರಿಗೆ ಶಿಕ್ಷೆಯಿಲ್ಲ.

ಮೊದಲು ಮರಳು ಕರಗಬೇಕು. ಮಾಂತ್ರಿಕನ ಬೆಂಕಿಹಲ್ಲಿ ಬಂದು ಕುಲುಮೆಯ ಉರಿಯನ್ನೆಲ್ಲ ನುಂಗಿತು. “ನಿಲ್ಲಿಸೋಣ” ಎಂದರು ಮಂತ್ರಿಗಳು. “ಆಗದು” ಎಂದಳು ರಾಣಿ. ಸಂಕವ್ವ ಉರಿ ಹೊತ್ತಿಸುತ್ತಲೇ ಹೋದಳು. ನುಂಗಿ ನುಂಗಿ ಹಲ್ಲಿಯ ಹೊಟ್ಟೆ ಬಿರಿಯಿತು.

ಆಮೇಲೆ ಕಲ್ಲು ತೊಳೆಯಲು ತಿಳಿನೀರು ಬೇಕು. ಕೆಸರುಮೀನು ಬಂದು ಬಾವಿಗಳನ್ನೆಲ್ಲ ಕದಡಿತು. “ನಿಲ್ಲಿಸೋಣ” ಎಂದರು ಮಂತ್ರಿಗಳು. “ಆಗದು” ಎಂದಳು ರಾಣಿ. ಸಂಕವ್ವ ಆವಿ ಹಿಡಿದು ಹನಿಹನಿಯಾಗಿ ನೀರು ಕೂಡಿಸಿದಳು.

ಕೊನೆಗೆ ಕೂದಲಿಗಿಂತ ಸಣ್ಣ ಗೆರೆ ಕೆತ್ತಬೇಕು. ಧೂಳುಪಿಶಾಚಿ ಬಂದು ಸುಳಿಯಿತು. ಒಂದು ಕಣ ಬಿದ್ದರೂ ಕಲ್ಲು ಹಾಳು. ಸಾವಿರ ಕಲ್ಲು ಹಾಳಾದವು. ಹನ್ನೆರಡು ವರ್ಷ ತುಂಬಲು ಒಂದೇ ತಿಂಗಳಿತ್ತು.

ಮಾಂತ್ರಿಕ ಹೇಗೆ ಕೆತ್ತಿದ್ದಾನೆಂದು ನೋಡಲು ಸಂಕವ್ವ ಅವನ ಹಳೆಯ ಕಲ್ಲೊಂದನ್ನು ಮುಂದಿಟ್ಟು ಸುತ್ತಿಗೆ ಎತ್ತಿದಳು.

“ಕಣ್ಣು ಹೋಗುತ್ತೆ ಸಂಕವ್ವ!” ರಾಣಿ ಚೀರಿದಳು.

“ಹೋದರೆ ಹೋಗಲಿ, ತಾಯಿ.”

ಕಲ್ಲು ಒಡೆಯಿತು. ಕಣ್ಣು ಹೋಗಲಿಲ್ಲ. ಒಳಗೆ ಎಳ್ಳಿನಷ್ಟು ಪುಟ್ಟ ಮನುಷ್ಯನೊಬ್ಬ ಮುದುಡಿ ಕೂತಿದ್ದ!

“ಅವ್ವಾ, ನಾನು ನಿಮ್ಮೂರಿನ ಅಕ್ಕಸಾಲಿಗ. ಕಡಲಿಗೆ ಹೋದವನನ್ನು ಮಾಂತ್ರಿಕ ಕದ್ದೊಯ್ದ. ಪ್ರತಿ ಕಲ್ಲಿನಲ್ಲೂ ನಮ್ಮವರೇ ಇದ್ದಾರೆ. ನಿಮ್ಮ ರಾಟೆ ತಿರುಗಿಸುತ್ತಿದ್ದದ್ದು ನಾವೇ.”

ರಾಣಿ ಬಗ್ಗಿ ಅವನಿಗೆ ಕೈಮುಗಿದಳು. “ನಿಮ್ಮನ್ನೆಲ್ಲ ಬಿಡಿಸೋದು ಹೇಗಪ್ಪಾ?” ಎಂದಳು ಸಂಕವ್ವ.

“ಗಾಜಿನ ಗೂಡು ಊದಿ, ಅದರೊಳಗೆ ಕೂತು ಕೆತ್ತು” ಎಂದ ಅವನು. “ಧೂಳು ಒಳಗೆ ಬರಲಾರದು. ಸೆರೆಯಾಳಿಲ್ಲದ ಒಂದೇ ಒಂದು ಕಲ್ಲು ಬೆಳಗಿದರೆ ಸಾಕು, ಅವನ ಮಂತ್ರ ಮುರಿಯುತ್ತದೆ.”

ಸಂಕವ್ವ ತನ್ನಷ್ಟೇ ಎತ್ತರದ ಗೂಡು ಊದಿದಳು. ಇಪ್ಪತ್ತು ದಿನ ಕೆತ್ತಿದಳು. ಕಲ್ಲು ಮಿಣುಕಿತು, ಬೆಳಗಿತು; ರಾಟೆ ಕಿರ್ರೆಂದು ತಿರುಗಿತು.

ಆ ಕ್ಷಣವೇ ಕಡಲಾಚೆ ಕರಾಳನಾಭ ಹಿಡಿ ಮಸಿಯಾಗಿ ಉದುರಿದ. ರಾಜ್ಯದ ಹಳೆಯ ಕಲ್ಲುಗಳೆಲ್ಲ ಹುರಿಗಾಳಿನಂತೆ ಸಿಡಿದವು. ದೋಣಿಗಳಲ್ಲಿ, ಬಾವಿಕಟ್ಟೆಗಳ ಮೇಲೆ ಸಾವಿರಾರು ಜನ ಆಳೆತ್ತರವಾಗಿ ಎದ್ದುನಿಂತರು. ಒಬ್ಬ ಮುದುಕಿ ಒಬ್ಬನ ಕೆನ್ನೆ ಮುಟ್ಟಿ, “ಬಾರೋ ಮಗಾ, ಉಣ್ಣುವಿಯಂತೆ” ಎಂದಳು.

ಅಂದಿನಿಂದ ಸೈಕತಪುರದವರು ತಮ್ಮ ಕಲ್ಲು ತಾವೇ ಕೆತ್ತಿಕೊಂಡು, ಯಾರಿಗೂ ದಾಸರಾಗದೆ, ಯಾರನ್ನೂ ದಾಸರಾಗಿಸದೆ, ನಗುನಗುತ್ತಾ ಬಾಳಿದರು.