ಪರದೆಯ ಮೇಲಿನ ಕೈ

ಆಪರೇಷನ್ ಥಿಯೇಟರಿನಲ್ಲಿ ಎಕ್ಸ್‌ರೇ ಯಂತ್ರ ನಡೆಸುವುದು ನನ್ನ ಕೆಲಸ. ದೆವ್ವಗಿವ್ವಕ್ಕೆ ಸೊಪ್ಪು ಹಾಕಿದವನಲ್ಲ. ಅಂದು ಏಣಿಯಿಂದ ಬಿದ್ದ ಪೇಂಟರೊಬ್ಬನನ್ನು ಬೋರಲು ಮಲಗಿಸಿದ್ದರು. ಮುರಿದ ಬೆನ್ನುಮೂಳೆ ಕೂದಲೆಳೆಯಷ್ಟು ಸರಿದರೂ ಅವನ ಕಾಲು ಹೋದಂತೆಯೇ. ಸಣ್ಣ ತೂತುಗಳಿಂದಲೇ ಸ್ಕ್ರೂ ಕೂರಿಸಬೇಕು. ದಾರಿ ತೋರಿಸಲು ನನ್ನ ಪರದೆಯೊಂದೇ.

ಆ ಪರದೆಯಲ್ಲಿ ಕೈಬೆರಳಿನ ಮೂಳೆಗಳು ಮುರಿತವನ್ನು ಅವುಚಿ ಹಿಡಿದಿದ್ದವು.

"ಯಾರ್ದ್ರೀ ಅದು ಕೈ? ತೆಗೀರಿ!" ಎಂದರು ಡಾಕ್ಟರು.

"ನಂದಂತೂ ಇಲ್ಲೇ ಇದೆ ಸಾರ್," ಎಂದು ನರ್ಸಮ್ಮ ಎರಡೂ ಕೈ ಎತ್ತಿದರು. ಎಲ್ಲರೂ ಎತ್ತಿದೆವು. ಮತ್ತೆ ತೆಗೆದ ಚಿತ್ರದಲ್ಲೂ ಕೈ ಇತ್ತು. ಡಾಕ್ಟರು ಆ ಬೆರಳುಗಳ ಸಂದಿಯಲ್ಲೇ ಸ್ಕ್ರೂ ಬಿಗಿದರು. ಮೂಳೆ ಅಲುಗಲಿಲ್ಲ.

ಸಂಜೆ ಪೇಂಟರ್ ಕಾಲ್ಬೆರಳು ಆಡಿಸಿದ. "ಸಾರ್, ಬಿದ್ದಾಗಿಂದ ಬೆನ್ನ ಕೆಳಗೆ ಯಾರೋ ಕೈ ಇಟ್ಕೊಂಡಿದಾರೆ. ತುಂಬಾ ತಣ್ಣಗಿದೆ. ತೆಗೀರಿ ಅಂತ ಹೇಳ್ತೀರಾ?"

ಡಾಕ್ಟರು ಯಾರ ಮುಖವನ್ನೂ ನೋಡಲಿಲ್ಲ. "ಇರ್ಲಿ ಬಿಡಪ್ಪ, ಮೂಳೆ ಕೂಡೋ ತನಕ."